ಮಿಷನ್ ರಿಪೇರಿಯವರ ಹದಿನಾಲ್ಕು ವಾದನಗಳು

ಜುಲೈ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಚನ್ನಗಿರಿಯ ನಮ್ಮ ಮನೆಯ ನಡುಮನೆ. ಹಾಜರಿದ್ದವರು ನಾನು ಮತ್ತು ನನ್ನ ತಂಗಿ. ಮೇಜಿನ ಮೇಲೆ ಮೊಬೈಲು, ಅದರೊಳಗೆ ನ್ಯಾಮತಿಯಿಂದ ಬಸ್ ಕಂಡಕ್ಟರ ಕೈಯಲ್ಲಿ ಬಂದ ಮೆಮೊರಿ ಕಾರ್ಡು, ಪಕ್ಕದಲ್ಲಿ ಗೆರೆ ಎಳೆದ ನೋಟ್‌ಬುಕ್ಕು, ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ಕಾರ್ಡಿನಲ್ಲಿ ಮೂವರು ಕೂಡಿ ನುಡಿಸಿದ ಹದಿನಾಲ್ಕು ವಾದನಗಳಿವೆ. ಎಲ್ಲ ಸೇರಿ ಒಂದು ಗಂಟೆ ಹನ್ನೆರಡು ನಿಮಿಷ. ಹಾಡುವವರಿಲ್ಲ. ಯಾವುದಕ್ಕೂ ಹೆಸರಿಲ್ಲ, ಒಂದು, ಎರಡು, ಮೂರು ಎಂದು ಅಂಕಿ ಮಾತ್ರ. ಇವುಗಳಲ್ಲಿ ಒಂದನ್ನು ನಾನು ಸಂಜೆಯೊಳಗೆ ಆರಿಸಿ ಹೇಳಬೇಕಿತ್ತು.

ನನಗೆ ಇಷ್ಟವಾದದ್ದನ್ನು ಆರಿಸುವುದಾಗಿದ್ದರೆ ಕೆಲಸ ಸುಲಭವಿತ್ತು. ಯಾವುದೂ ಇಲ್ಲ ಎಂದು ಬರೆದು ಏಳು ಗಂಟೆ ಎರಡು ನಿಮಿಷಕ್ಕೆ ಎದ್ದುಬಿಡುತ್ತಿದ್ದೆ. ಆರಿಸಬೇಕಾದದ್ದು ಹತ್ತು ದಿನದ ಹಿಂದೆ ತೀರಿಕೊಂಡ ಒಬ್ಬರು ಕೇಳಿದ ವಾದನವನ್ನು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಚೇರಿಗಳಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ‘ಮಿಷನ್ ರಿಪೇರಿಯವರು’ ಎಂದರೆ ಚನ್ನಗಿರಿಯಿಂದ ಜಗಳೂರಿನವರೆಗೆ ಎಲ್ಲ ಗುಮಾಸ್ತರಿಗೂ ಗೊತ್ತಾಗುತ್ತಿತ್ತು. ಟೈಪ್ ಮಿಷನ್ನುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಮತ್ತೆ ಕೂಡಿಸುವುದು ಅವರ ಕೆಲಸ. ಕೋರ್ಟಿನಲ್ಲಿ ಕುಳಿತು ಸಾಕ್ಷಿಗಳ ಹೇಳಿಕೆ ಟೈಪ್ ಮಾಡುವುದು ನನ್ನ ಕೆಲಸ. ಮೂವತ್ತನಾಲ್ಕು ವರ್ಷ ಮಾಡಿದೆ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನನ್ನ ಮಿಷನ್ನು ಅವರ ಕೈಯಲ್ಲೇ ಇತ್ತು.

ಶುಕ್ರವಾರ ಸಂಜೆ ಅವರ ಮಗಳು ಫೋನ್ ಮಾಡಿದ್ದಳು. ನ್ಯಾಮತಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ.

"ಮೇಡಂ, ಸೋಮವಾರ ಅಪ್ಪಂದು ಶಿವಗಣಾರಾಧನೆ ಐತ್ರಿ. ಭಾಷಣ ಗೀಷಣ ಏನೂ ಬ್ಯಾಡ ಅಂತ ಮೊದಲೇ ಹೇಳಿದ್ರು. ಊಟಕ್ಕೆ ಮುಂಚೆ ಆ ಮೂರು ಜನರ ಮ್ಯೂಸಿಕ್ಕಿನಾಗೆ ಒಂದು ಹಾಕಬೇಕಂತೆ."

"ಹಾಕು. ಅದಕ್ಕೆ ನನ್ನನ್ನ ಯಾಕಮ್ಮ ಕೇಳ್ತೀಯ?"

"ಯಾವುದು ಅಂತ ಹೇಳ್ಲಿಲ್ರಿ. ‘ಮೇಡಮ್ಮಾರ ಮಿಷನ್ ಟೆಸ್ಟ್ ಮಾಡಾಕೆ ಹಾಕ್ತಿದ್ನಲ್ಲ, ಅದು. ಅವರನ್ನೇ ಕೇಳು’ ಅಂದ್ರು. ನಿಮಗೆ ಗೊತ್ತಲ್ರಿ?"

"ಕಾರ್ಡ್ ಕಳಿಸು. ನೋಡಿ ಹೇಳ್ತೀನಿ" ಎಂದೆ.

ಗೊತ್ತಿಲ್ಲದ್ದನ್ನು ಗೊತ್ತು ಎಂದು ನಾನು ಸರ್ವೀಸಿನಲ್ಲಿ ಒಮ್ಮೆಯೂ ಹೇಳಿದವಳಲ್ಲ. ಅವತ್ತೂ ಹೇಳಲಿಲ್ಲ. ಆದರೆ ಗೊತ್ತಿಲ್ಲ ಎಂದೂ ಹೇಳಲಿಲ್ಲ. ಆ ಹುಡುಗಿ ಸಮಾಧಾನದಿಂದ ಫೋನ್ ಇಟ್ಟಳು. ನನಗೆ ಅವತ್ತು ಒಂಬತ್ತು ಗಂಟೆಗೆ ಬರಬೇಕಾದ ನಿದ್ದೆ ಬರಲಿಲ್ಲ.

ಏಳು ಗಂಟೆಗೆ ಒಂದನೆಯದನ್ನು ಹಾಕಿದೆ. ದಪ್ಪ ತಂತಿಯ ಸದ್ದೊಂದು ಒಂಟಿಯಾಗಿ ಹೊರಟಿತು. ಅದೇ ನಾಲ್ಕು ಸ್ವರ. ಮತ್ತೆ ಅದೇ ನಾಲ್ಕು. ಗಡಿಯಾರ ನೋಡಿದೆ, ಒಂದು ನಿಮಿಷವಾದರೂ ಅದೇ. ಆಮೇಲೆ ಡ್ರಮ್ಮು ಬಂತು, ಆದರೆ ಬರಬೇಕಾದ ಜಾಗದಲ್ಲಿ ಬರಲಿಲ್ಲ. ಬಾಗಿಲು ಬಿಟ್ಟು ಕಿಟಕಿಯಿಂದ ಒಳಗೆ ಬಂದವರ ಹಾಗೆ ಬಂತು. ಕೀಬೋರ್ಡಿನವನು ಯಾರದೋ ಅಪ್ಪಣೆಗೆ ಕಾಯುತ್ತಿದ್ದವನಂತೆ ಆಗಾಗ ಒಂದು ಸಲ ಒತ್ತಿ ಕೈ ತೆಗೆಯುತ್ತಿದ್ದ. ನೋಟ್‌ಬುಕ್ಕಿನಲ್ಲಿ ‘ಒಂದು: ಇನ್ನೂ ಶುರುವಾಗಿಲ್ಲ’ ಎಂದು ಬರೆಯುತ್ತಿರುವಾಗಲೇ ಅದು ಮುಗಿಯಿತು.

ತಂಗಿ ಮೊರದಲ್ಲಿ ಅವರೆಬೇಳೆ ಆರಿಸುತ್ತ ಕೂತಿದ್ದಳು. "ಅಕ್ಕ, ಇವರು ಮೂರು ಜನ ಒಬ್ಬರಿಗೊಬ್ಬರು ಮಾತು ಬಿಟ್ಟಾರೇನೇ?" ಎಂದಳು.

"ಸುಮ್ನೆ ಕೇಳು."

"ಕೇಳ್ತಾನೇ ಇದೀನಿ. ಅದಕ್ಕೇ ಕೇಳ್ದೆ."

ಎರಡನೆಯದರಲ್ಲಿ ಯಾರೋ ಕಬ್ಬಿಣದ ಟ್ರಂಕನ್ನು ನೆಲದ ಮೇಲೆ ಎಳೆದರು. ಮೂರನೆಯದರಲ್ಲಿ ಒಬ್ಬ ನೆಟ್ಟಗೆ ನಡೆಯುತ್ತಾನೆ, ಇನ್ನೊಬ್ಬ ಅವನ ಹಿಂದೆ ಕುಂಟುತ್ತಾನೆ, ಮೂರನೆಯವನು ಇಬ್ಬರನ್ನೂ ನೋಡಿ ನಗುತ್ತಾನೆ. ನಾಲ್ಕನೆಯದು ಚೆನ್ನಾಗಿಯೇ ಹೋಗುತ್ತಿತ್ತು. ಕಾಲು ತಾನಾಗಿ ಅಲ್ಲಾಡುವ ಹೊತ್ತಿಗೆ ಥಟ್ಟನೆ ನಿಂತುಬಿಟ್ಟಿತು. ಕರೆಂಟ್ ಹೋಯಿತೇನೋ ಎಂದು ತಂಗಿ ಫ್ಯಾನು ನೋಡಿದಳು.

ಈ ಸಂಗೀತಕ್ಕೆ ಜಾಝ್ ಎನ್ನುತ್ತಾರಂತೆ. ಇದು ಅವರ ಕೈಗೆ ಬಂದದ್ದು ಜಗಳೂರಿನಲ್ಲಿ. ಅಲ್ಲಿನ ಕಚೇರಿಯೊಂದಕ್ಕೆ ತರಬೇತಿಗೆಂದು ಬಂದಿದ್ದ ಕಿರಿಯ ಅಧಿಕಾರಿಯೊಬ್ಬರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಟೇಪ್ ರೆಕಾರ್ಡರಿನಲ್ಲಿ ಇದನ್ನು ಕೇಳುತ್ತಿದ್ದರಂತೆ. ಇವರು ಹೊರಗೆ ಪಡಸಾಲೆಯಲ್ಲಿ ಮಿಷನ್ ಬಿಚ್ಚಿಕೊಂಡು ಕೂತವರು ಒಳಗಿನ ತಾಳಕ್ಕೆ ಸರಿಯಾಗಿ ಮಿಷನ್ನಿನ ಕೀಲಿ ಒತ್ತತೊಡಗಿದರು. ಬಾಗಿಲು ತೆರೆಯಿತು. ಬೈಗುಳ ಬೀಳುತ್ತದೆ ಎಂದು ಎದ್ದು ನಿಂತರೆ, ಆ ಅಧಿಕಾರಿ ಊಟದ ಕೈಯಲ್ಲೇ ಹೊರಬಂದು, "ಇನ್ನೊಂದು ಸಲ ಹೊಡೀರಿ" ಎಂದರಂತೆ. ವರ್ಗವಾಗಿ ಹೋಗುವಾಗ ಕ್ಯಾಸೆಟ್ಟನ್ನೇ ಕೊಟ್ಟು ಹೋದರು. ಅದು ಮುಂದೆ ದಾವಣಗೆರೆಯಲ್ಲಿ ಸೀಡಿಯಾಯಿತು. ಆಮೇಲೆ ಮಗಳ ಅಂಗಡಿಯಲ್ಲಿ ಕಾರ್ಡಿಗೆ ಬಂತು. ಒಂದೊಂದು ಸಲ ಬದಲಾದಾಗಲೂ ಹೆಸರುಗಳು ಉದುರಿ ಅಂಕಿಗಳು ಉಳಿದವು.

"ಇದು ಅವರು ಹತ್ತು ಹದಿನೈದು ವರ್ಷ ನುಡಿಸಿದ್ದರಾಗೆ ಸೋಸಿ ತೆಗೆದಿದ್ದಂತ್ರಿ ಮೇಡಮ್ಮಾರೆ. ಜೊಳ್ಳು ಒಂದೂ ಇಲ್ಲ" ಎಂದು ನನಗೆ ಹೇಳಿದ್ದರು.

"ಸೋಸಿದವರ ಜರಡಿ ಹರಿದಿತ್ತು ಅಂತ ಕಾಣುತ್ತೆ" ಎಂದಿದ್ದೆ.

ಅದಕ್ಕೆ ನಕ್ಕರು. ನಾನು ಏನು ಅಂದರೂ ನಗುತ್ತಿದ್ದರು. ಅದೂ ನನಗೆ ಸಿಟ್ಟು ತರಿಸುತ್ತಿತ್ತು.

ಸಾಸ್ವೆಹಳ್ಳಿ ಕಡೆಯವರು, ನ್ಯಾಮತಿಯಲ್ಲಿ ನೆಲೆಸಿದ್ದರು. ತೆಳ್ಳಗೆ, ಸ್ವಲ್ಪ ಮುಂದಕ್ಕೆ ಬಾಗಿದ ಆಳು. ಬೇರೆಯವರ ಕಿಸೆಯಲ್ಲಿ ಪೆನ್ನಿದ್ದರೆ ಇವರ ಕಿಸೆಯಲ್ಲಿ ಬೆರಳುದ್ದದ ಸ್ಕ್ರೂಡ್ರೈವರು. ಹೆಗಲಿಗೆ ಖಾಕಿ ಚೀಲ. ಅದರಲ್ಲಿ ಬ್ರಷ್ಷು, ಸೀಮೆಎಣ್ಣೆ ಬಾಟಲಿ, ಹಳೆ ಸೀರೆಯ ಹತ್ತಿ ಚೂರುಗಳು, ಎಲ್ಲಕ್ಕಿಂತ ಕೆಳಗೆ ಟವೆಲ್ಲಿನಲ್ಲಿ ಸುತ್ತಿದ ಟೇಪ್ ರೆಕಾರ್ಡರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಊರಿನ ಕಚೇರಿಗಳನ್ನು ಬಸ್ಸಿನಲ್ಲೇ ಸುತ್ತುತ್ತಿದ್ದರು. ಚನ್ನಗಿರಿಗೆ ಬರುವಾಗ ನಲ್ಲೂರಿನಲ್ಲಿ ಇಳಿದು ಚಾ ಕುಡಿಯದೆ ಬಂದದ್ದಿಲ್ಲ. ಹಾಗಾಗಿ ಹೇಳಿದ ಬಸ್ಸಿನಲ್ಲಿ ಬಂದದ್ದೂ ಇಲ್ಲ. ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಿನ ಸೀಟೇ ಬೇಕು. ರಸ್ತೆ ಏನು ಹೇಳುತ್ತದೆ ಎಂದು ಅಲ್ಲಿ ಕೂತರೆ ಗೊತ್ತಾಗುತ್ತದಂತೆ. ಸೂರಗೊಂಡನಕೊಪ್ಪದ ಜಾತ್ರೆಗೆ ಹೋಗುವ ಹೆಂಗಸರು ಬಸ್ಸಿನಲ್ಲಿ ಚಪ್ಪಾಳೆ ತಟ್ಟಿ ಹಾಡುತ್ತಿದ್ದರೆಂದು ಅವರು ಇಳಿಯುವ ತನಕ ತಾವೂ ಕೂತು, ನ್ಯಾಮತಿ ದಾಟಿ ಮುಂದೆ ಹೋಗಿ, ನಡೆದುಕೊಂಡು ವಾಪಸು ಬಂದವರು.

ಮಿಷನ್ನುಗಳ ಬಗ್ಗೆ ಮಾತಾಡಿದರೆ ಮನೆಯ ಮಕ್ಕಳ ಬಗ್ಗೆ ಮಾತಾಡಿದ ಹಾಗಿರುತ್ತಿತ್ತು. "ಚನ್ನಗಿರಿ ಮಿಷನ್ನಿಗೆ ಯಾವಾಗ್ಲೂ ನೆಗಡಿ. ಜಗಳೂರಿನದ್ದಕ್ಕೆ ಒಣ ಕೆಮ್ಮು, ಅಲ್ಲಿ ಧೂಳು ಜಾಸ್ತಿ. ಹೊನ್ನಾಳಿದಕ್ಕೆ ಮೊಣಕಾಲು ನೋವು, ಹೊಳೆ ಗಾಳಿ ನೋಡ್ರಿ."

"ನ್ಯಾಮತಿ ಮಿಷನ್ನಿಗೆ?"

"ಅದು ನಮ್ಮೂರಿಂದು. ಸೋಮಾರಿ."

ರಿಪೇರಿಯಾಯಿತು ಎಂದು ಅವರು ಯಾವತ್ತೂ ಹೇಳಲಿಲ್ಲ. "ಒಪ್ಕಂಡೈತೆ" ಎನ್ನುತ್ತಿದ್ದರು. ಕೊನೆಗೆ ರೋಲರ್ ತಿರುಗಿಸಿ ಟೆಸ್ಟ್ ಮಾಡಿದ ಕಾಗದ ಹೊರತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ಅದಾಗುವವರೆಗೆ ಯಾರ ಕಚೇರಿಯ ಚಹಾವನ್ನೂ ಮುಟ್ಟುತ್ತಿರಲಿಲ್ಲ.

ನಾನು ಮೊದಲು ಅವರನ್ನು ಕಂಡದ್ದು ಹೊನ್ನಾಳಿಯಲ್ಲಿ, ಅಲ್ಲಿನ ಕೋರ್ಟಿನಲ್ಲಿದ್ದಾಗ. ಹತ್ತು ಗಂಟೆಗೆ ಬರಬೇಕೆಂದು ಚೀಟಿ ಕಳಿಸಿದ್ದೆ. ಮಿಷನ್ನಿನ ದೋಷಗಳನ್ನು ಅಂಕಿ ಹಾಕಿ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. ಹನ್ನೊಂದೂ ಕಾಲಿಗೆ ಬಂದರು. ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು, "ನೀವು ಹೊಡೀರಿ, ನಾನು ಆಚೆ ನಿಲ್ತೀನಿ" ಎಂದರು. ಪಡಸಾಲೆಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ನಾನು ಒಂದು ಪುಟ ಹೊಡೆದೆ. ಒಳಗೆ ಬಂದು, "ನಿಮ್ಮ ‘ರ’ ತಡವಾಗಿ ಏಳ್ತೈತ್ರಿ. ಎಡಗಡೆ ಎರಡನೇ ಸಾಲಿನಾಗೆ ಒಂದು ಕಡ್ಡಿ ಇನ್ನೊಂದಕ್ಕೆ ಮೈ ತಾಗಿಸ್ತೈತೆ. ಮತ್ತೆ ನೀವು ಬಲಗೈ ಕಿರುಬೆರಳು ಸಿಟ್ಟಿನಾಗೆ ಹೊಡೀತೀರಿ" ಎಂದರು. ನನ್ನ ಹಾಳೆಯಲ್ಲಿದ್ದದ್ದು ಏಳು ದೋಷ. ಅವರು ಹೇಳಿದ ಮೂರನ್ನು ಸರಿಮಾಡಿದಾಗ ಏಳೂ ಹೋದವು. ಕೆಲಸ ಸರಿಯಾಗಿತ್ತು. ಆದರೆ ಕೆಲಸ ಮಾಡಿದ ಕ್ರಮ? ಮಿಷನ್ನಿನ ಮುಖವನ್ನೇ ನೋಡದೆ, ಬರೆದುಕೊಟ್ಟದ್ದನ್ನು ಓದದೆ! ಅವತ್ತಿನಿಂದ ನನಗೆ ಅವರ ಮೇಲೆ ಅಸಮಾಧಾನ. ನನ್ನ ಕಿರುಬೆರಳಿನ ಬಗ್ಗೆ ಹೇಳಿದ್ದಕ್ಕಂತೂ ಬಹಳ ದಿನ.

ಇನ್ನೊಂದು ಸಲ, ಕೋರ್ಟು ಊಟಕ್ಕೆ ಎದ್ದಿದ್ದಾಗ, ಮಿಷನ್ ಪರೀಕ್ಷಿಸಲು ಮೇಜಿನ ಮೇಲಿದ್ದ ಕಾಗದವೊಂದನ್ನು ತೆಗೆದುಕೊಂಡು ಅದರ ಕೆಳಗಿನ ಖಾಲಿ ಜಾಗದಲ್ಲಿ ನಾಲ್ಕು ಸಾಲು ಹೊಡೆದರು. ಅದು ರದ್ದಿಯಲ್ಲ, ಅವತ್ತು ಬೆಳಿಗ್ಗೆ ದಾಖಲಾದ ಸಾಕ್ಷಿ ಹೇಳಿಕೆಯ ಮೂರನೇ ಕಾರ್ಬನ್ ಪ್ರತಿ. ಸಾಕ್ಷಿ ಹೇಳಿದ ಕೊನೆಯ ಮಾತಿನ ಕೆಳಗೆ ‘ಕಕಕ ಕಕ’ ಎಂದು ನಾಲ್ಕು ಸಾಲು! ನಾನು ಊಟ ಬಿಟ್ಟು ನಾಲ್ಕು ಪುಟ ಮತ್ತೆ ಹೊಡೆದೆ. ಬೈಯುತ್ತಲೇ ಹೊಡೆದೆ. ಅವರು ಕೈಕಟ್ಟಿ ಪಕ್ಕದಲ್ಲೇ ನಿಂತಿದ್ದರು. ಮುಗಿದಾಗ, "ತಪ್ಪಾತ್ರಿ" ಎಂದರು. ಸ್ವಲ್ಪ ತಡೆದು, "ಆದ್ರೆ ಇವತ್ತು ನಿಮ್ಮ ಕೈ ಚೆನ್ನಾಗಿ ಕೂತ್ಕಂತು ಮೇಡಮ್ಮಾರೆ. ದಿನಾ ಹಿಂಗೆ ಯಾರಾದ್ರೂ ತಪ್ಪು ಮಾಡಬೇಕು" ಎಂದರು.

ಕೂತುಕೊಳ್ಳುವುದು ಅವರ ದೊಡ್ಡ ಮಾತು. ಆ ಮೂವರ ವಾದನ ಹಾಕಿದಾಗ, ತಂತಿಯವನು ಒಂದೇ ಸುತ್ತನ್ನು ತಿರುತಿರುಗಿ ನುಡಿಸುತ್ತ, ಡ್ರಮ್ಮಿನವನು ಅದರ ಸುತ್ತ ತಡಕಾಡುತ್ತ ಇರುವಾಗ ಇವರು ಬೆರಳೆತ್ತಿ ಕಾಯುತ್ತಿದ್ದರು. ಯಾವುದೋ ಒಂದು ಗಳಿಗೆಯಲ್ಲಿ ಬೆರಳು ಇಳಿಸಿ, "ಹಾಂ, ಈಗ ಕೂತ್ಕಂತು ನೋಡ್ರಿ" ಎನ್ನುತ್ತಿದ್ದರು. ಏನು ಕೂತಿತು, ಎಲ್ಲಿ ಕೂತಿತು ಎಂದು ನನಗೆ ಒಮ್ಮೆಯೂ ತಿಳಿಯಲಿಲ್ಲ. ಒಂದು ಸಲ ಎಣಿಸಿ ನೋಡಿದೆ. ನಾಲ್ಕಕ್ಕೂ ಸಿಗಲಿಲ್ಲ, ಎಂಟಕ್ಕೂ ಸಿಗಲಿಲ್ಲ.

"ಇವರ ಲೆಕ್ಕ ತಪ್ಪಿದೆ" ಎಂದೆ.

"ಎಣಿಸಬ್ಯಾಡ್ರಿ. ಎಣಿಸಿದ್ರೆ ತಪ್ತೀರಿ."

"ಎಣಿಸದೆ ನಾನು ಮೆಟ್ಟಿಲೂ ಹತ್ತಲ್ಲ."

"ಅದಕ್ಕೇ ನಿಮಗೆ ಮೆಟ್ಟಿಲು ಕಾಣಿಸ್ತಾವೆ, ಮಹಡಿ ಕಾಣಿಸಲ್ಲ" ಎಂದು ನಕ್ಕರು. ನಾನು ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ನಿಲ್ಲಿಸಿದೆ. ಜಡ್ಜ್ ಸಾಹೇಬರು ಬರುವ ಹೊತ್ತಾಯಿತು ಎಂದು ನೆಪ ಹೇಳಿದೆ. ಇನ್ನೂ ಹದಿನೈದು ನಿಮಿಷವಿತ್ತು.

ಎಂಟೂ ಇಪ್ಪತ್ತಕ್ಕೆ ಹದಿನಾಲ್ಕೂ ಮುಗಿದವು. ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಸಾಲು ಟಿಪ್ಪಣಿ ಇತ್ತು. ಒಂದರ ಮುಂದೆಯೂ ಗುರುತು ಹಾಕಲು ಆಗಿರಲಿಲ್ಲ. ಎರಡನೇ ಸಲ ಹಾಕಿದೆ. ಅದು ಮುಗಿದಾಗ ಒಂಬತ್ತೂ ಮುಕ್ಕಾಲು. ಆಗ ಒಂದು ಉಪಾಯ ಹೊಳೆಯಿತು. ನನ್ನ ಮಿಷನ್ನೇ ಮನೆಯಲ್ಲಿದೆ. ಕಚೇರಿಗಳಿಗೆಲ್ಲ ಕಂಪ್ಯೂಟರ್ ಬಂದು ಹಳೆ ಮಿಷನ್ನುಗಳನ್ನು ಹರಾಜು ಹಾಕಿದಾಗ ನಾನು ಅದನ್ನು ಕೂಗಿ ತಂದಿದ್ದೆ. ಆ ಹರಾಜಿನ ದಿನ ಅವರೂ ಬಂದಿದ್ದರು. ಸಾಲಾಗಿ ಇಟ್ಟಿದ್ದ ಒಂದೊಂದು ಮಿಷನ್ನಿನದೂ ಸ್ಪೇಸ್ ಬಾರ್ ತಟ್ಟುತ್ತ ಹೋಗಿ, "ಇವಕ್ಕೇನೂ ಆಗಿಲ್ರಿ. ಆಗಿರಾದು ಜನಕ್ಕೆ" ಎಂದಿದ್ದರು.

ಮಿಷನ್ನಿನ ಮುಂದೆ ಕೂತು, ವಾದನ ಹಾಕಿ, ಬೆರಳು ಓಡಿಸಿದರೆ ಯಾವುದೋ ಒಂದಕ್ಕೆ ಕೈಗೆ ನೆನಪು ಬರಬಹುದು ಎಂದುಕೊಂಡೆ. ಹಾಗೇ ಮಾಡಿದೆ. ಹದಿನಾಲ್ಕಕ್ಕೂ ಮಾಡಿದೆ. ನನ್ನ ಕೈ ಹದಿನಾಲ್ಕಕ್ಕೂ ಒಂದೇ ವೇಗದಲ್ಲಿ ಓಡಿತು. ಸಂಗೀತ ಓಡಲಿ, ತೆವಳಲಿ, ನಿಂತೇ ಹೋಗಲಿ, ನನ್ನ ಬೆರಳಿಗೆ ಅದರ ಸುದ್ದಿಯೇ ಮುಟ್ಟಲಿಲ್ಲ.

ಎಡಬಲಕ್ಕೆ ಇಬ್ಬರು ವಕೀಲರು ಕೂಗಾಡುತ್ತಿರುವಾಗ, ಕಟಕಟೆಯಲ್ಲಿ ಒಬ್ಬರು ಅಳುತ್ತಿರುವಾಗ, ಸಾಹೇಬರ ಬಾಯಿಂದ ಬಂದ ಮಾತನ್ನು ಮಾತ್ರ ಕೇಳಿ ಉಳಿದದ್ದನ್ನು ಕಿವಿಯ ಹೊರಗೇ ನಿಲ್ಲಿಸಬೇಕು. ನಾನು ಅದರಲ್ಲಿ ಪಳಗಿದವಳು. ಆ ವಿಷಯಕ್ಕೆ ಹೆಸರೂ ಪಡೆದವಳು. ಇಪ್ಪತ್ತು ವರ್ಷ ಆ ಮನುಷ್ಯ ನನ್ನ ಮೇಜಿನ ಪಕ್ಕದಲ್ಲಿ ವಾದನ ಹಾಕಿದಾಗಲೂ ಅದನ್ನೇ ಮಾಡಿದ್ದೆ. ಈಗ ಅದು ಯಾವುದು ಎಂದು ಯಾರನ್ನು ಕೇಳುವುದು?

"ಯಾವುದಾದ್ರೂ ಒಂದು ಹೇಳಿಬಿಡಕ್ಕ. ಹದಿನಾಲ್ಕರಾಗೆ ಹದಿನಾಲ್ಕೂ ಒಂದೇ ಥರ ಅವೆ. ಅಲ್ಲಿ ಯಾರಿಗೆ ಗೊತ್ತಾಗ್ತೈತೆ?" ಎಂದಳು ತಂಗಿ.

"ನನಗೆ ಗೊತ್ತಾಗುತ್ತೆ."

"ನಿಂಗೆ ಗೊತ್ತಾಗಂಗಿದ್ರೆ ಬೆಳಿಗ್ಗೆಯಿಂದ ಹಿಂಗ್ಯಾಕೆ ಕೂತಿರ್ತಿದ್ದೆ?"

ಅಡುಗೆಗೆ ಹೊತ್ತಾಯಿತು ಎಂದು ಅವಳನ್ನು ಗದರಿದೆ. ಒಂದು ಗಂಟೆಗೆ ಊಟ ಮಾಡಿದೆವು. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಇಬ್ಬರೂ ಮಜ್ಜಿಗೆ ಹೆಚ್ಚು ಸುರಿದುಕೊಂಡೆವು.

ಅವರನ್ನು ಕೊನೆಯ ಸಲ ನೋಡಿದ್ದು ಮೇ ತಿಂಗಳಲ್ಲಿ, ನ್ಯಾಮತಿಯ ಅವರ ಮನೆಯಲ್ಲಿ. ನಾಲ್ಕರಿಂದ ನಾಲ್ಕೂವರೆ ಎಂದು ಮೊದಲೇ ಗೊತ್ತುಮಾಡಿಕೊಂಡು ಹೋಗಿದ್ದೆ. ತುಂಬ ಇಳಿದುಹೋಗಿದ್ದರು. ಮಾತಾಡಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆದರೂ ದಿಂಬಿನ ಕೆಳಗಿಂದ ಇಯರ್‌ಫೋನ್ ತೆಗೆದು ಒಂದು ತುದಿ ನನ್ನ ಕಡೆ ಚಾಚಿದರು.

"ಒಂದೇ ಕೇಳ್ರಿ. ಐದು ನಿಮಿಷ."

ನಾನು ಕೈಗಡಿಯಾರ ನೋಡಿದೆ. ನಾಲ್ಕೂ ಇಪ್ಪತ್ತೆಂಟು. "ಬಸ್ಸಿಗೆ ಹೊತ್ತಾಯ್ತು. ಮುಂದಿನ ಸಲ ಕೇಳ್ತೀನಿ" ಎಂದೆ.

"ಆತ್ರಿ" ಎಂದು ತುದಿಯನ್ನು ತಮ್ಮ ಕಿವಿಗೇ ಇಟ್ಟುಕೊಂಡರು. ಆ ಬಸ್ಸು ಬಂದದ್ದು ಐದೂ ಹತ್ತಕ್ಕೆ. ನಿಲ್ದಾಣದಲ್ಲಿ ನಲವತ್ತು ನಿಮಿಷ ನಿಂತಿದ್ದೆ.

ಊಟವಾದ ಮೇಲೆ ಹದಿನೈದು ನಿಮಿಷ ಮಲಗುವುದು ನನ್ನ ಕ್ರಮ. ಮಲಗಲಿಲ್ಲ. ಬೀರುವಿನ ಕೆಳಗಿನ ಅಂಕಣದಿಂದ ಹಳೆಯ ಕಡತಗಳನ್ನು ಇಳಿಸಿದೆ. ನಿವೃತ್ತಿಯ ದಿನ ಕಚೇರಿಯ ಕಾಗದ ಕಚೇರಿಗೆ ಒಪ್ಪಿಸಿ, ನನ್ನ ಕಾರ್ಬನ್ ಪ್ರತಿಗಳನ್ನು ಮನೆಗೆ ತಂದಿದ್ದೆ. ಅದರಲ್ಲೊಂದು ಕಡತ ಮಿಷನ್ ಸರ್ವೀಸಿನದು. ಪ್ರತಿ ಸರ್ವೀಸಿನ ಕೊನೆಗೆ ಅವರು ಒಂದು ಚೀಟಿಯಲ್ಲಿ ಟೆಸ್ಟ್ ಸಾಲು ಹೊಡೆದು ಕೊಡಬೇಕು, ನಾನು ಪರೀಕ್ಷಿಸಿ ಷರಾ ಬರೆಯಬೇಕು ಎಂದು ನಿಯಮ ಮಾಡಿದವಳು ನಾನೇ. ಬೇರೆ ಯಾವ ಕಚೇರಿಯಲ್ಲೂ ಅದು ಇರಲಿಲ್ಲ. ಯಾವ ತಿಂಗಳು, ಯಾವ ಹೊತ್ತು ಎಂದು ಗೊತ್ತಾದರೆ ನೆನಪಿಗೆ ಏನಾದರೂ ಸಹಾಯವಾದೀತು ಎಂದು ತೆಗೆದೆ. ಇಪ್ಪತ್ತಾರು ಚೀಟಿಗಳಿದ್ದವು. ದಿನಾಂಕದ ಪ್ರಕಾರ ಮೇಜಿನ ಮೇಲೆ ಹರಡಿದೆ.

ಎಲ್ಲದರಲ್ಲೂ ‘ಕ’ ಅಕ್ಷರದ ಸಾಲುಗಳು. ಮೂರು ಕ, ಒಂದು ಖಾಲಿ. ಎರಡು ಕ, ಒಂದು ಖಾಲಿ. ಮತ್ತೆ ಮೂರು ಕ, ಒಂದು ಖಾಲಿ. ಆಮೇಲೆ ಮೊದಲಿನಿಂದ. ಎಲ್ಲದರ ಕೆಳಗೂ ಕೆಂಪು ಶಾಯಿಯಲ್ಲಿ ನನ್ನ ಷರಾ: ‘ಅಂತರ ಸರಿಯಿಲ್ಲ. ಮತ್ತೊಮ್ಮೆ ನೋಡುವುದು.’

ಮಿಷನ್ನಿನ ಸ್ಪೇಸ್ ಬಾರ್ ಎಗರುತ್ತಿದೆ, ಬೇಡದ ಕಡೆ ಜಾಗ ಬೀಳುತ್ತಿದೆ ಎಂದು ನಾನು ತಿಳಿದಿದ್ದೆ. ಷರಾ ಓದಿದಾಗಲೆಲ್ಲ ಅವರು "ಆತ್ರಿ" ಎಂದು ಮತ್ತೆ ಕೂತು ಅರ್ಧ ಗಂಟೆ ಸ್ಪೇಸ್ ಬಾರ್ ಬಿಚ್ಚಿ ಒರೆಸಿ ಹಾಕುತ್ತಿದ್ದರು. ಮುಂದಿನ ಸಲ ಮತ್ತೆ ಅದೇ. ಒಮ್ಮೆ ಮಾತ್ರ, "ಅದು ಮಿಷನ್ ಬಿಟ್ಟಿದ್ದಲ್ರಿ, ಅವರು ಬಿಟ್ಟಿದ್ದು" ಎಂದಿದ್ದರು. ಯಾರು ಎಂದು ಕೇಳುವಷ್ಟರಲ್ಲಿ ಒಳಗಿನ ಗಂಟೆ ಬಾರಿಸಿತು. ನಾನು ಎದ್ದು ಹೋದೆ. ವಾಪಸು ಬಂದು ಕೇಳಲಿಲ್ಲ.

ಸ್ಪೇಸ್ ಬಾರ್ ಎಗರಿದರೆ ಇಪ್ಪತ್ತಾರು ಸಲ ಒಂದೇ ಜಾಗದಲ್ಲಿ ಎಗರುವುದಿಲ್ಲ. ಇಷ್ಟು ತಿಳಿಯಲು ಟೈಪಿಸ್ಟೇ ಆಗಬೇಕಾಗಿಲ್ಲ. ವರ್ಷಗಟ್ಟಲೆ ಷರಾ ಬರೆದವಳು ಒಂದು ಸಲವೂ ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಖಾಲಿಯನ್ನೂ ಸೇರಿಸಿ ಎಣಿಸಿದೆ. ಹನ್ನೊಂದು. ನಾಲ್ಕಕ್ಕೂ ಎಂಟಕ್ಕೂ ಸಿಗದೆ ಹೋದದ್ದು ಇದಕ್ಕೇ.

"ಬಾ ಇಲ್ಲಿ. ನಾನು ಓದ್ತೀನಿ, ನೀನು ಮೊರದ ಮೇಲೆ ತಟ್ಟು. ಖಾಲಿ ಅಂದ ಕಡೆ ಕೈ ಎತ್ತು" ಎಂದು ತಂಗಿಯನ್ನು ಕರೆದೆ.

"ಇದೇನು ಹೊಸಾ ಹುಚ್ಚು?"

"ಕಕಕ ಖಾಲಿ, ಕಕ ಖಾಲಿ, ಕಕಕ ಖಾಲಿ."

ಅವಳು ಎರಡು ಸಲ ತಪ್ಪಿದಳು. ಮೂರನೇ ಸಲ ಹಿಡಿದಳು. ಐದನೇ ಸಲಕ್ಕೆ ನಾನು ಓದುವುದನ್ನು ನಿಲ್ಲಿಸಿದರೂ ಅವಳ ಕೈ ನಿಲ್ಲಲಿಲ್ಲ. ಜೀವಮಾನದಲ್ಲಿ ಒಂದು ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮಾಡದ ನನ್ನ ತಂಗಿ! ಒಂದನೆಯದರಿಂದ ಹಾಕುತ್ತ ಬಂದೆ. ಅವಳು ತಟ್ಟುತ್ತ, ತಲೆಯಾಡಿಸುತ್ತ, "ಊಹೂಂ, ಇದಕ್ಕೆ ಸೇರಲ್ಲ. ಮುಂದಿಂದು ಹಾಕು" ಎನ್ನುತ್ತ ಬಂದಳು. ಒಂಬತ್ತನೆಯದು ಬಂತು. ತಂತಿಯವನು ಒಂಟಿಯಾಗಿ ಒಂದು ಸುತ್ತು ಹಾಕಿದ. ಎರಡನೇ ಸುತ್ತು. ಡ್ರಮ್ಮು ಸೇರಿತು. ಮೊರದ ಸದ್ದು ಎಲ್ಲಿದೆ ಎಂದೇ ಗೊತ್ತಾಗಲಿಲ್ಲ, ಅದರೊಳಗೇ ಹೋಗಿಬಿಟ್ಟಿತ್ತು.

"ಇದೇ ಕಣಕ್ಕ! ನೋಡು ಹೆಂಗೆ ಕೂತ್ಕಂತು!" ಎಂದು ಕೂಗಿದಳು.

ಅವಳಿಗೆ ಆ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನಂತೂ ಹೇಳಿರಲಿಲ್ಲ.

ಚೀಟಿಯ ಮೇಲೆ ಬೆರಳಿಟ್ಟು ಒಂಬತ್ತನೆಯದನ್ನು ಮೂರು ಸಲ ಕೇಳಿದೆ. ಸಾಲಿಗೆ ಸಾಲು ತಾಳೆಯಾಯಿತು. ಸಂದೇಹವಿಲ್ಲ. ಆದರೆ ಅವಳಿಗೆ ಕೇಳಿಸಿದ್ದು ನನಗೆ ಕೇಳಿಸಿತು ಎಂದರೆ ಸುಳ್ಳಾಗುತ್ತದೆ. ಕಾಗದದಿಂದ ಬೆರಳು ತೆಗೆದರೆ ಎಲ್ಲಿದ್ದೇನೆ ಎಂದು ತಪ್ಪಿಹೋಗುತ್ತಿತ್ತು. ಹುಡುಕಿ ತೆಗೆಯಬೇಕಾದದ್ದನ್ನು ತೆಗೆದದ್ದಾಯಿತು. ಕೇಳಬೇಕಾದವರು ಇದ್ದಾಗ ಕೇಳಿದ್ದರೆ ಇಷ್ಟು ಕಾಗದ ಬೇಕಾಗಿರಲಿಲ್ಲ.

ನಾಲ್ಕೂವರೆಗೆ ಮಗಳಿಗೆ ಫೋನ್ ಮಾಡಿದೆ.

"ಒಂಬತ್ತನೇದು. ಬರೆದುಕೋ."

"ಒಂಬತ್ತನೇದೇನ್ರಿ? ಆತು ಮೇಡಂ. ನೀವು ಕೇಳಿದ ತಕ್ಷಣ ಗೊತ್ತಾತೇನ್ರಿ?"

ಅಲ್ಲಿಗೇ ಬಿಡಬಹುದಿತ್ತು. ಹೂಂ ಎಂದರೆ ಮುಗಿಯುತ್ತಿತ್ತು.

"ಇಲ್ಲಮ್ಮ" ಎಂದೆ. "ಬೆಳಿಗ್ಗೆ ಏಳರಿಂದ ಈಗಿನ ತನಕ ಬೇಕಾಯ್ತು. ನಿಮ್ಮಪ್ಪ ಹಾಕಿದಾಗ ನಾನು ಒಂದು ದಿನವೂ ಕೇಳಿಲ್ಲ. ನನಗೆ ಗೊತ್ತು ಅಂತ ಅವರು ತಪ್ಪು ತಿಳ್ಕೊಂಡಿದ್ರು."

ಆ ಕಡೆ ಅವಳು ಜೆರಾಕ್ಸ್ ಮಿಷನ್ನು ನಿಲ್ಲಿಸಿದಳು. ಆಮೇಲೆ ನಕ್ಕಳು. ಅಪ್ಪನ ನಗುವೇ.

"ಅಪ್ಪಗೆ ಅದು ಗೊತ್ತಿತ್ತು ಬಿಡ್ರಿ. ‘ಮೇಡಮ್ಮಾರು ಕೇಳಾದಿಲ್ಲ, ಕೇಳಂಗೆ ಮಾಡಾಕೆ ನಂಗೆ ಬರಾದಿಲ್ಲ’ ಅಂತ ಮನ್ಯಾಗೆ ಹೇಳ್ತಾನೇ ಇದ್ರು."

"ಮತ್ತೆ ನನ್ನನ್ನೇ ಕೇಳು ಅಂದದ್ದು ಯಾಕೆ?"

"ಅದು ನಂಗೂ ಈಗ ಗೊತ್ತಾತು ಮೇಡಂ. ಎಷ್ಟು ಕೇಳಿದ್ರಿ ಇವತ್ತು?"

"ಹದಿನಾಲ್ಕೂ. ಮೂರು ಸಲ. ಒಂಬತ್ತನೇದು ಏಳೆಂಟು ಸಲ."

"ನೋಡ್ರಿ ಮತ್ತೆ" ಎಂದಳು.

ಒಂದು ಇಡೀ ಭಾನುವಾರ ನನ್ನಿಂದ ತೆಗೆದುಕೊಂಡರು. ಬದುಕಿದ್ದಾಗ ಐದು ನಿಮಿಷ ಕೊಡದವಳಿಂದ ಹತ್ತು ಗಂಟೆ. ಎದುರಿಗಿದ್ದಿದ್ದರೆ ಬೈಯುತ್ತಿದ್ದೆ. ಅವರು ನಗುತ್ತಿದ್ದರು, ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ಈಗ ಬೈಯುವುದಕ್ಕೂ ಆಗದ ಹಾಗೆ ಮಾಡಿ ಹೋಗಿದ್ದಾರೆ.

ನಾಳೆ ನ್ಯಾಮತಿಗೆ ಹೋಗುವ ಸೀರೆ ತೆಗೆದಿಟ್ಟೆ. ತಂಗಿ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಳು. ಅವಳ ಕಾಲಿನ ಹೆಬ್ಬೆರಳು ಇನ್ನೂ ಹನ್ನೊಂದರ ಲೆಕ್ಕದಲ್ಲೇ ಅಲ್ಲಾಡುತ್ತಿತ್ತು. ಬೇಡ ಎನ್ನಲಿಲ್ಲ.

ಮೇಜಿನ ಮೇಲೆ ಇಪ್ಪತ್ತಾರು ಚೀಟಿಗಳು ಹಾಗೇ ಇದ್ದವು. ದಾಖಲೆಯಲ್ಲಿ ತಪ್ಪು ನುಸುಳಿದರೆ ಅದನ್ನು ಉಜ್ಜಿ ಅಳಿಸುವಂತಿಲ್ಲ, ಹರಿದು ಹಾಕುವಂತಿಲ್ಲ. ಕೆಳಗಿನ ಬರಹ ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ಕಿರುಸಹಿ ಮತ್ತು ದಿನಾಂಕ ಹಾಕಬೇಕು. ಅಡಿಪಟ್ಟಿ ತಂದು ಮೊದಲನೆಯ ಚೀಟಿಯಿಂದ ಶುರುಮಾಡಿದೆ. ಇಪ್ಪತ್ತಾರರಲ್ಲೂ ನನ್ನ ಷರಾದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಅಂತರ ಸರಿಯಿದೆ’ ಎಂದು ಬರೆದು, ಕಿರುಸಹಿ, ದಿನಾಂಕ ಹಾಕಿ, ಕಡತಕ್ಕೆ ದಾರ ಕಟ್ಟಿದಾಗ ಗಂಟೆ ಐದೂ ಮುಕ್ಕಾಲು.